ಐದು ಪೈಸೆಯ ಚೀಟಿ, ಮೇಲೆ ದುಬಾರಿ ಮಸಿ: ಓವರ್‌ಪ್ರಿಂಟ್ ಮತ್ತು ರೆವಿನ್ಯೂ ಸ್ಟಾಂಪನ್ನು ಆನ್‌ಲೈನಿನಲ್ಲಿ ಆರಿಸುವ ಬಗೆ

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಹನ್ನೊಂದು ಗಂಟೆ. ಆನ್‌ಲೈನ್ ಹರಾಜು ಮುಗಿಯಲು ಎರಡು ನಿಮಿಷ ಇರುವಾಗ ಬೆಲೆ ಏರಿಸಿ ಒಂದು ಅಂಚೆಚೀಟಿ ಗೆದ್ದೆ. 'ರೆಫ್ಯೂಜಿ ರಿಲೀಫ್, ಬೆಂಗಳೂರು ಓವರ್‌ಪ್ರಿಂಟ್, ಬಳಸಿದ್ದು, ಅಪರೂಪ' ಅಂತ ವಿವರಣೆ ಇತ್ತು. ಓವರ್‌ಪ್ರಿಂಟ್ ಅಂದರೆ ಅಚ್ಚಾದ ಚೀಟಿಯ ಮೇಲೆ ಆಮೇಲೆ ಒತ್ತಿದ ಅಕ್ಷರ. ವಾರ ಬಿಟ್ಟು ಲಕೋಟೆ ಮನೆಗೆ ಬಂತು. ಲೆನ್ಸ್ ಹಿಡಿದು ನೋಡಿದರೆ ಅಂಚೆ ಮೊಹರಿನಲ್ಲಿ ವರ್ಷ ಬಹಳ ಚೆನ್ನಾಗಿ ಮೂಡಿತ್ತು: 1969. ರೆಫ್ಯೂಜಿ ರಿಲೀಫ್ ಅಂದರೆ ನಿರಾಶ್ರಿತರ ನೆರವಿಗೆ ಅಂಚೆಯ ಮೇಲೆ ಹಾಕಿದ ತೆರಿಗೆ. ಅದು ಶುರುವಾದದ್ದೇ 1971ರ ನವೆಂಬರ್ 15ರಂದು!

ಯಾರೋ ಪುಣ್ಯಾತ್ಮ ಹಳೆಯ ಬಳಸಿದ ಚೀಟಿಯ ಮೇಲೆ ಈಚೆಗೆ ಅಕ್ಷರ ಒತ್ತಿದ್ದ. ಸಿಟ್ಟು ಬಂದದ್ದು ಅವನ ಮೇಲಲ್ಲ. ಮಾರಾಟಕ್ಕೆ ಹಾಕಿದ್ದ ಚಿತ್ರದಲ್ಲೂ ಆ 69 ಕಾಣುತ್ತಲೇ ಇತ್ತು. ನಾನು ಓವರ್‌ಪ್ರಿಂಟನ್ನು ಮಾತ್ರ ನೋಡಿದ್ದೆ, ಮೊಹರನ್ನು ಓದಿರಲಿಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಬಂತು. ಓವರ್‌ಪ್ರಿಂಟ್ ಇರುವ ಯಾವ ಚೀಟಿಯಲ್ಲೂ ಮೂರು ಪದರ ಇರುತ್ತದೆ. ಕೆಳಗೆ ಮೂಲ ಚೀಟಿ. ಅದರ ಮೇಲೆ ಓವರ್‌ಪ್ರಿಂಟಿನ ಮಸಿ. ಅದರ ಮೇಲೆ ರದ್ದು ಮಾಡಿದ ಗುರುತು: ಅಂಚೆ ಮೊಹರು, ಪೆನ್ನಿನ ಗೀಟು ಅಥವಾ ತೂತು. ಮೂರಕ್ಕೂ ಅದರದರ ಕಾಲ ಇದೆ. ಆ ಕಾಲಗಳು ಸಾಲಾಗಿ ಕೂರಬೇಕು. ಕೆಳಗಿನ ಮೂರು ನಾಲ್ಕು ಬಗೆಯ ಚೀಟಿಗಳನ್ನು ನಾನು ಹೋಲಿಸಿ ನೋಡುವುದು ಇದೇ ಲೆಕ್ಕದಲ್ಲಿ.

ರೆಫ್ಯೂಜಿ ರಿಲೀಫ್: ಮೂರು ರೂಪ, ಮೂರು ಬೆಲೆ

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಬಂದಾಗ ಸರ್ಕಾರ ಅಂಚೆಯ ಮೇಲೆ ಐದು ಪೈಸೆಯ ತೆರಿಗೆ ಹಾಕಿತು. ಹೊಸ ಚೀಟಿ ಅಚ್ಚಾಗುವ ತನಕ ಕಾಯಲು ಸಮಯವಿರಲಿಲ್ಲ. ಅದಕ್ಕೇ ಆಗ ಚಾಲ್ತಿಯಲ್ಲಿದ್ದ ಐದು ಪೈಸೆಯ ಕುಟುಂಬ ಯೋಜನೆ ಚೀಟಿಯನ್ನು ಹಿಡಿದು ಮೇಲೆ ಅಕ್ಷರ ಒತ್ತಿದರು. ಹಾಗಾಗಿ ಇವತ್ತು ಮಾರಾಟಕ್ಕೆ ಮೂರು ಬಗೆ ಸಿಗುತ್ತವೆ.

ಒಂದು, ದೇಶದೆಲ್ಲೆಡೆ ಬಳಕೆಯಾದ ಸಾಮಾನ್ಯ ಓವರ್‌ಪ್ರಿಂಟ್. ಹಿಂದಿ, ಇಂಗ್ಲಿಷ್ ಎರಡೂ ಇರುತ್ತದೆ. ಒಂದು ಲೋಟ ಕಾಫಿಯ ದುಡ್ಡಿಗೆ ಸಿಗುವ ಚೀಟಿ. ಎರಡು, ಊರೂರಿನಲ್ಲಿ ಒತ್ತಿದ್ದು. ಬೆಂಗಳೂರು, ಜೈಪುರ, ನವದೆಹಲಿ, ಗೋವಾ ಹೀಗೆ ಕ್ಯಾಟಲಾಗಿನಲ್ಲಿ ಬೇರೆ ಬೇರೆಯಾಗಿ ಪಟ್ಟಿಯಾದವು ಇವೆ. ಇದಲ್ಲದೆ ಕೆಲವು ಕಚೇರಿಗಳು ರಬ್ಬರ್ ಠಸ್ಸೆಯನ್ನೇ ಹೊಡೆದಿವೆ. ಮೂರನೆಯದು, 1971ರ ಡಿಸೆಂಬರ್ 1ಕ್ಕೆ ಬಂದ, ನಿರಾಶ್ರಿತರ ಚಿತ್ರವಿರುವ ಚೀಟಿ. ಅದರಲ್ಲಿ ಓವರ್‌ಪ್ರಿಂಟೇ ಇಲ್ಲ, ಮೋಸಕ್ಕೂ ಜಾಗ ಕಮ್ಮಿ.

ತೊಂದರೆ ಇರುವುದು ಎರಡನೆಯದರಲ್ಲಿ. ಕೆಳಗಿನ ಚೀಟಿ ಕಸದ ಹಾಗೆ ಸಿಗುತ್ತದೆ, ಮಸಿ ಮಾತ್ರ ದುಬಾರಿ. ರಬ್ಬರ್ ಠಸ್ಸೆ ಮಾಡಿಸಲು ಯಾವ ಪೇಟೆಯಲ್ಲಾದರೂ ಅರ್ಧ ಗಂಟೆ ಸಾಕು. ನಕಲು ಮಾಡುವವನಿಗೆ ಇದಕ್ಕಿಂತ ಸಲೀಸಾದ ಕೆಲಸ ಬೇಕೆ?

ಊರಿನ ಓವರ್‌ಪ್ರಿಂಟನ್ನು ಮಾರುವವರು ಮೂರು ಸ್ಥಿತಿಯಲ್ಲಿ ಮಾರುತ್ತಾರೆ: ಬಳಸದೆ ಇರುವುದು, ಲಕೋಟೆಯಿಂದ ಬಿಡಿಸಿದ ಬಳಸಿದ ಚೀಟಿ, ಪೂರ್ತಿ ಲಕೋಟೆ. ನೋಡಲು ಚೆಂದ ಬಳಸದ್ದು. ಬಹಳ ಜನ ಅದನ್ನೇ ತೆಗೆದುಕೊಳ್ಳುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ. ಮೂರನೇ ಪದರವೇ ಇಲ್ಲದ ಚೀಟಿಯಲ್ಲಿ ಕಾಲವನ್ನು ಯಾವುದರಿಂದ ತಾಳೆ ನೋಡುವುದು? ಮಸಿ 1971ರದ್ದೋ ಹೋದ ತಿಂಗಳದ್ದೋ ಅಂತ ಹೇಳಲು ಪರಿಣತರ ಸರ್ಟಿಫಿಕೇಟೇ ಬೇಕಾಗುತ್ತದೆ. ಬಿಡಿಸಿದ ಚೀಟಿ ಮಧ್ಯಮ. ಮೊಹರಿನ ದಿನಾಂಕ ಅರ್ಧ ಬಿದ್ದಿದ್ದರೂ ಏನೋ ಒಂದು ಆಧಾರ ಸಿಗುತ್ತದೆ.

ನನ್ನ ಓಟು ಲಕೋಟೆಗೆ. ಅದರಲ್ಲಿ ಓದಲು ಎಷ್ಟೊಂದು ಇರುತ್ತದೆ. ದಿನಾಂಕ 1971ರ ನವೆಂಬರ್ ಮಧ್ಯದ ನಂತರದ್ದೇ? ಬೆಂಗಳೂರು ಓವರ್‌ಪ್ರಿಂಟ್ ಅಂದಮೇಲೆ ಹೊರಟ ಊರು ಈ ಕಡೆಯದೇ? ಆಗ ಒಳನಾಡಿನ ಸಾಮಾನ್ಯ ಲಕೋಟೆಗೆ 20 ಪೈಸೆ, ತೆರಿಗೆ 5 ಪೈಸೆ. ಹಾಗಾದರೆ ಮೂಲ ದರಕ್ಕೆ ಹಚ್ಚಿದ್ದು ಸರಿಯಿದೆಯೇ? ಪೋಸ್ಟ್ ಕಾರ್ಡಿಗೆ ಈ ತೆರಿಗೆ ಇರಲಿಲ್ಲ. ಆದ್ದರಿಂದ ಕಾರ್ಡಿನ ಮೇಲೆ ಈ ಚೀಟಿ ಕಂಡರೆ ಹುಬ್ಬು ಮೇಲೇರಬೇಕು. ಮೊಹರು ಚೀಟಿಯಿಂದ ಲಕೋಟೆಗೆ ಮುರಿಯದೆ ಹರಿದಿದೆಯೇ ಅನ್ನುವುದನ್ನೂ ನೋಡಿ. ಗೀಟು ಚೀಟಿಯ ಅಂಚಿನಲ್ಲಿ ನಿಂತುಹೋಗಿದ್ದರೆ ಅದು ಆಮೇಲೆ ಅಂಟಿಸಿದ್ದು.

ಒಂದು ಎಚ್ಚರ. ಕಪ್ಪು ಓವರ್‌ಪ್ರಿಂಟಿನ ಮೇಲೆ ಕಪ್ಪು ಮೊಹರು ಬಿದ್ದಾಗ ಯಾವುದು ಮೇಲೆ, ಯಾವುದು ಕೆಳಗೆ ಅಂತ ಮೊಬೈಲ್ ಚಿತ್ರದಲ್ಲಿ ಹೇಳುವುದು ಕಷ್ಟ. ಕೈಯಲ್ಲಿ ಹಿಡಿದು, ಓರೆ ಬೆಳಕಿನಲ್ಲಿ, ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸಿನಲ್ಲಿ ನೋಡಿದರೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. 'ಚಿತ್ರ ನೋಡಿಯೇ ಹೇಳಿಬಿಡ್ತೀನಿ' ಅನ್ನುವವರನ್ನು ನಾನು ನಂಬುವುದಿಲ್ಲ.

ಗ್ವಾಲಿಯರ್, ಪಟಿಯಾಲ, ಜೀಂದ್: ತಪ್ಪಲ್ಲದ ತಪ್ಪುಗಳು

ಬ್ರಿಟಿಷ್ ಭಾರತದ ಚೀಟಿಯ ಮೇಲೆ ತಮ್ಮ ಹೆಸರು ಒತ್ತಿಸಿ ಬಳಸುವ ಒಪ್ಪಂದ ಮಾಡಿಕೊಂಡ ಸಂಸ್ಥಾನಗಳು ಆರು: ಪಟಿಯಾಲ, ಗ್ವಾಲಿಯರ್, ಜೀಂದ್, ನಾಭಾ, ಚಂಬಾ, ಫರೀದ್‌ಕೋಟ್. 1884ರಲ್ಲಿ ಪಟಿಯಾಲದಿಂದ ಶುರು. 1950ರ ಕೊನೆಯವರೆಗೂ ಈ ಪದ್ಧತಿ ಕೆಲವು ಕಡೆ ನಡೆಯಿತು, 1951ರ ಜನವರಿ 1ರಿಂದ ನಿಂತಿತು. ಆನ್‌ಲೈನಿನಲ್ಲಿ ಇವು ರಾಶಿ ರಾಶಿ ಸಿಗುತ್ತವೆ.

ಇಲ್ಲಿ ನಕಲಿಗಿಂತ ಜಾಸ್ತಿ ಕಾಣುವುದು ತಪ್ಪು ವಿವರಣೆ. ಪಟಿಯಾಲದ ಮೊದಲ ಓವರ್‌ಪ್ರಿಂಟಿನಲ್ಲಿ ಇಂಗ್ಲಿಷ್ ಕಾಗುಣಿತ 'ಪುಟ್ಟಿಯಾಲ' ಅಂತ ಓದುವ ಹಾಗಿದೆ. 1891ರಲ್ಲಿ ಅದನ್ನು 'ಪಟಿಯಾಲ' ಮಾಡಿದರು. ಜೀಂದಿನದು ಇನ್ನೂ ತಮಾಷೆ. ಒಂದು ಕಾಲದಲ್ಲಿ 'ಝಿಂದ್', ಒಂದು ಕಾಲದಲ್ಲಿ 'ಜೀಂದ್', 1914ರಿಂದ 'ಜಿಂದ್'. ಇವೆಲ್ಲ ಆಯಾ ಕಾಲದ ಅಧಿಕೃತ ಕಾಗುಣಿತಗಳು, ಇಡೀ ಹಾಳೆಗೆ ಹಾಳೆಯೇ ಹಾಗೆ ಅಚ್ಚಾದವು. ಆದರೂ 'ಸ್ಪೆಲ್ಲಿಂಗ್ ಎರರ್, ಬಹಳ ಅಪರೂಪ' ಅಂತ ಮಾರುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಕೆಲವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ, ಪಾಪ. ಕೆಲವರಿಗೆ ಗೊತ್ತಿದ್ದೂ ಗೊತ್ತಿರುವುದಿಲ್ಲ.

ನಿಜವಾದ ಎರರ್ ಅಂದರೆ ಹಾಳೆಯ ಯಾವುದೋ ಒಂದು ಜಾಗದಲ್ಲಿ ಮಾತ್ರ ಬರುವಂಥದ್ದು. ಗ್ವಾಲಿಯರಿನ ಇಂಗ್ಲಿಷ್ ಹೆಸರಿನಲ್ಲಿ 'ಓ' ಬದಲು 'ಸಿ' ಬಿದ್ದದ್ದು ಅಂಥದ್ದು, ಕ್ಯಾಟಲಾಗಿನಲ್ಲಿ ಅದಕ್ಕೆ ಬೇರೆ ಬೆಲೆಯೇ ಇದೆ. ಆದರೆ 'ಓ' ಅಕ್ಷರದ ಬಲಪಕ್ಕವನ್ನು ಬ್ಲೇಡಿನಿಂದ ಕೆರೆದರೂ 'ಸಿ' ಆಗುತ್ತದೆ, ಅಲ್ವಾ? ಅಂಥ ಚೀಟಿಯನ್ನು ಕೊಳ್ಳುವ ಮುಂಚೆ ಆ ಅಕ್ಷರವೊಂದನ್ನೇ ದೊಡ್ಡದು ಮಾಡಿದ ಚಿತ್ರ ಕೇಳಿ. ಜೊತೆಗೆ ಹಿಂದಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರವನ್ನೂ ಕೇಳಿ. ಕೆರೆದ ಕಡೆ ಕಾಗದ ತೆಳ್ಳಗಾಗಿ ಬೆಳಕು ಜಾಸ್ತಿ ಹಾಯುತ್ತದೆ. ಅಚ್ಚಿನ ಮೊಳೆಯಲ್ಲೇ, ಅಂದರೆ ಅಕ್ಷರ ಒತ್ತುವ ಲೋಹದ ತುಂಡಿನಲ್ಲೇ, ತಪ್ಪಿದ್ದರೆ ಅಕ್ಷರದ ತುದಿ ದುಂಡಗೆ, ನಯವಾಗಿ ಮುಗಿದಿರುತ್ತದೆ.

ಅಳತೆಯ ವಿಷಯಕ್ಕೆ ಬಂದರೆ ಸ್ಕ್ಯಾನ್ ನಮ್ಮ ಸ್ನೇಹಿತ. ಗ್ವಾಲಿಯರಿನ 1885ರ ಓವರ್‌ಪ್ರಿಂಟುಗಳಲ್ಲಿ ಹಿಂದಿ ಹೆಸರಿನ ಉದ್ದ ಎರಡು ಬಗೆ: 13ರಿಂದ 14 ಮಿಲಿಮೀಟರ್ ಒಂದು, 15ರಿಂದ 15.5 ಇನ್ನೊಂದು. ಬರಿಗಣ್ಣಿಗೆ ಎರಡೂ ಒಂದೇ. ಮಾರುವವರಿಗೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಕಳಿಸಲು ಹೇಳಿ. ಅದರಲ್ಲಿ ಒಂದು ಮಿಲಿಮೀಟರ್ ಅಂದರೆ ಸುಮಾರು 23.6 ಪಿಕ್ಸೆಲ್. ಚಿಕ್ಕದು 307ರಿಂದ 331 ಪಿಕ್ಸೆಲ್ ಒಳಗೆ ಬರುತ್ತದೆ, ದೊಡ್ಡದು 354ರಿಂದ 366. ನಡುವೆ ಚೆನ್ನಾಗಿಯೇ ಅಂತರ ಇದೆ, ಗೊಂದಲವಿಲ್ಲ. ಮೊಬೈಲ್ ಚಿತ್ರ ಮಾತ್ರ ಇದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಲಿ. ಓರೆಯಾಗಿ ತೆಗೆದ ಚಿತ್ರದಲ್ಲಿ ಅಳೆಯಲು ಹೋಗಬೇಡಿ, ಸುಮ್ನೆ ತಲೆ ಕೆಡುತ್ತದೆ.

ಮಸಿಯ ಗುಣವನ್ನೂ ಹೋಲಿಸಬಹುದು. ಹಳೆಯ ಮೊಳೆ ಅಚ್ಚಿನಲ್ಲಿ ಅಕ್ಷರ ಕಾಗದಕ್ಕೆ ಒತ್ತಿಕೊಳ್ಳುತ್ತದೆ. ಮಸಿ ಅಕ್ಷರದ ಅಂಚಿಗೆ ಸರಿದು ಸಣ್ಣ ಗೆರೆ ಕಟ್ಟುತ್ತದೆ, ಹಿಂಬದಿಯಲ್ಲಿ ಒಮ್ಮೊಮ್ಮೆ ಉಬ್ಬು ಕಾಣುತ್ತದೆ. ಇಂಕ್‌ಜೆಟ್ಟಿನದು ದೊಡ್ಡದು ಮಾಡಿದಾಗ ಚುಕ್ಕಿ ಚುಕ್ಕಿ, ಅಂಚು ನಾರು ನಾರು. ಲೇಸರ್ ಪ್ರಿಂಟಿನದು ಓರೆ ಬೆಳಕಿನಲ್ಲಿ ಪ್ಲಾಸ್ಟಿಕ್ಕಿನ ಹಾಗೆ ಮಿನುಗುತ್ತದೆ. ಅದಕ್ಕೇ ಮುಂಬದಿಯ ಜೊತೆ ಹಿಂಬದಿಯ ಚಿತ್ರವನ್ನೂ ಕೇಳಬೇಕು. ಹಿಂಬದಿ ತೋರಿಸಲು ಒಲ್ಲೆ ಅನ್ನುವವರ ಹತ್ತಿರ ವ್ಯವಹಾರ ಅಲ್ಲಿಗೇ ಮುಗಿಯಿತು.

1866ರ ಆರು ಆಣೆ: ಅಂಚು ಸರಿಯಿದ್ದರೆ ಅನುಮಾನ

ರೆವಿನ್ಯೂ ಸ್ಟಾಂಪೇ ಅಂಚೆಚೀಟಿಯಾದ ಒಂದು ಕತೆ ಇದೆ. 1866ರಲ್ಲಿ ಆರು ಆಣೆಯ ಅಂಚೆಚೀಟಿ ತುರ್ತಾಗಿ ಬೇಕಾಯಿತು. ಆಗ ವಿದೇಶಿ ಹುಂಡಿಗಳಿಗೆ (ಹಣ ಕೊಡಿಸುವ ವ್ಯಾಪಾರದ ಪತ್ರಗಳಿಗೆ) ಹಚ್ಚುತ್ತಿದ್ದ ನೇರಳೆ ಬಣ್ಣದ ರೆವಿನ್ಯೂ ಸ್ಟಾಂಪನ್ನು ತೆಗೆದುಕೊಂಡು, ಅದರ ಮೇಲಿನ ಮತ್ತು ಕೆಳಗಿನ ಪಟ್ಟಿ ಕತ್ತರಿಸಿ, ಹಸಿರು ಮಸಿಯಲ್ಲಿ 'ಪೋಸ್ಟೇಜ್' ಅಂತ ಒತ್ತಿದರು. ಅಕ್ಷರದಲ್ಲಿ ಎರಡು ಬಗೆ ಇವೆ.

ಇದನ್ನು ಕೊಳ್ಳುವವರಿಗೆ ಮೊದಲ ಪರೀಕ್ಷೆ ಸುಲಭ. ಅಸಲಿಯಲ್ಲಿ ಎಡಕ್ಕೂ ಬಲಕ್ಕೂ ಮಾತ್ರ ಹಲ್ಲುಗಳಿರುತ್ತವೆ, ಮೇಲೆ ಕೆಳಗೆ ಕತ್ತರಿಸಿದ ನೇರ ಅಂಚು. ಹೊಸಬರು ಇದನ್ನು ಕಂಡು 'ಹಾಳಾದ ಚೀಟಿ' ಅಂತ ಬಿಡುತ್ತಾರೆ, ನಾಲ್ಕೂ ಕಡೆ ಹಲ್ಲಿರುವ ಪೂರ್ತಿ ಸ್ಟಾಂಪಿನ ಮೇಲೆ ಹಸಿರು ಅಕ್ಷರ ಕಂಡರೆ 'ಒಳ್ಳೆ ಸ್ಥಿತಿ' ಅಂತ ಹಿಡಿಯುತ್ತಾರೆ. ಲೆಕ್ಕ ಉಲ್ಟಾ. ಆದರೆ ಕತ್ತರಿಸಿದ್ದೆಲ್ಲ ಅಸಲಿಯೂ ಅಲ್ಲ, ಕತ್ತರಿ ಎಲ್ಲರ ಮನೆಯಲ್ಲೂ ಇದೆ. ಹುಂಡಿಯ ಮೇಲೆ ಬಳಸಿದ ಸ್ಟಾಂಪಿನ ಪೆನ್ನಿನ ಗೀಟು ಹಸಿರು ಮಸಿಯ ಅಡಿಯಲ್ಲಿ ಉಳಿದಿದ್ದರೆ ಪದರಗಳ ಕ್ರಮ ತಪ್ಪಿತು: ಅದು ಮೊದಲು ಹುಂಡಿಗೆ ಬಳಕೆಯಾಗಿ, ಆಮೇಲೆ ಯಾರೋ ಓವರ್‌ಪ್ರಿಂಟ್ ಮಾಡಿದ್ದು. ಇಷ್ಟು ಬೆಲೆಯ ಚೀಟಿಯನ್ನು ಸರ್ಟಿಫಿಕೇಟ್ ಇಲ್ಲದೆ ನಾನಂತೂ ಮುಟ್ಟುವುದಿಲ್ಲ.

ಮೈಸೂರಿನ 'ಅಂಚೆಚೀಟಿ' ಮತ್ತು ರೆವಿನ್ಯೂ ಸ್ಟಾಂಪಿನ ಗೀಟುಗಳು

ನಮ್ಮವರು ಜಾಸ್ತಿ ಮೋಸ ಹೋಗುವುದು ಇಲ್ಲಿ, ಅಭಿಮಾನದಿಂದ. ಗಂಡಭೇರುಂಡ ಕಂಡರೆ ಕೈ ತಡೆಯುವುದಿಲ್ಲ. 'ಮೈಸೂರು ಸಂಸ್ಥಾನದ ಅಂಚೆಚೀಟಿ' ಅಂತ ಬರೆದಿರುತ್ತಾರೆ. ಮೈಸೂರಿಗೆ ತನ್ನದೇ ಅಂಚೆ ವ್ಯವಸ್ಥೆ ಇದ್ದದ್ದು ನಿಜ. ಆದರೆ ಅದು ಸ್ವಂತ ಅಂಚೆಚೀಟಿ ಹೊರಡಿಸಲಿಲ್ಲ, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಮಾರಾಟಕ್ಕೆ ಬರುವ ಮೈಸೂರಿನ ಚೀಟಿಗಳು ರೆವಿನ್ಯೂ ಅಥವಾ ಕೋರ್ಟ್ ಫೀ ಸ್ಟಾಂಪುಗಳು. ಅವು ಅಸಲಿಯೇ, ಚೆಂದವೂ ಹೌದು. ತಿಳಿದು ಕೊಂಡರೆ ಏನೂ ತೊಂದರೆಯಿಲ್ಲ. ಅಂಚೆಚೀಟಿ ಅಂತ ಹೇಳಿ ಬೆಲೆ ಏರಿಸಿದ್ದರೆ ಮಾತ್ರ ಬೇಡ.

ಕ್ಯಾಟಲಾಗ್ ನಂಬರಿನಲ್ಲೂ ಇದೇ ಆಟ. ಸ್ಟಾನ್ಲಿ ಗಿಬ್ಬನ್ಸ್ ಕ್ಯಾಟಲಾಗ್ ಮುಖ್ಯವಾಗಿ ಅಂಚೆಚೀಟಿಗಳದ್ದು. ಸಂಸ್ಥಾನಗಳ ರೆವಿನ್ಯೂ ಸ್ಟಾಂಪಿಗೆ ಸಂಗ್ರಹಕಾರರು ನೋಡುವುದು ಕೆಪೆಲ್ ಮತ್ತು ಮ್ಯಾನರ್ಸ್ ಮಾಡಿದ ಪಟ್ಟಿಯನ್ನು. 'ಗಿಬ್ಬನ್ಸಿನಲ್ಲಿ ಇಲ್ಲ, ಆದ್ದರಿಂದ ಅತಿ ಅಪರೂಪ' ಅಂತ ಒಬ್ಬರು ಬರೆದಿದ್ದರು. ಟೆಲಿಫೋನ್ ಡೈರೆಕ್ಟರಿಯಲ್ಲಿ ರೈಲಿನ ವೇಳಾಪಟ್ಟಿ ಹುಡುಕಿದ ಹಾಗಾಯಿತು.

ಇನ್ನು ರದ್ದತಿಯ ಗುರುತು. 1899ರ ಸ್ಟಾಂಪ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಂಟಿಸುವ ಸ್ಟಾಂಪನ್ನು ಮತ್ತೆ ಬಳಸಲಾಗದ ಹಾಗೆ ರದ್ದು ಮಾಡಬೇಕು. ಅಡ್ಡಲಾಗಿ ಹೆಸರೋ ಇನಿಷಿಯಲ್ಲೋ ಬರೆದು ತಾರೀಖು ಹಾಕುವುದು ಅದರ ಒಂದು ದಾರಿ. ರಸೀದಿಯ ಮೇಲೆ ಸಹಿ ಸ್ಟಾಂಪಿನಿಂದ ಕಾಗದಕ್ಕೆ ದಾಟುವಂತೆ ಹಾಕುವುದನ್ನು ನಾವೆಲ್ಲ ಕಂಡಿದ್ದೇವಲ್ಲ, ಅದೇ. ಕೋರ್ಟ್ ಫೀ ಸ್ಟಾಂಪಿಗೆ ಬೇರೆ ನಿಯಮ. 1870ರ ಕೋರ್ಟ್ ಫೀ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬೆಲೆಯ ಅಂಕಿ ಉಳಿಯುವಂತೆ ತಲೆಯ ಚಿತ್ರವನ್ನು ಪಂಚ್ ಮಾಡಿ ತೆಗೆಯಬೇಕು. ಆದ್ದರಿಂದ ರಾಜರ ಮುಖದ ಜಾಗದಲ್ಲಿ ತೂತಿರುವ ಕೋರ್ಟ್ ಫೀ ಸ್ಟಾಂಪ್ 'ಡ್ಯಾಮೇಜ್' ಅಲ್ಲ, ಕಾನೂನಿನ ಪ್ರಕಾರ ಬಳಕೆಯಾದದ್ದು. ಆ ತೂತಿಗೆ ಹಿಂದಿನಿಂದ ತುಂಡು ಕಾಗದ ಅಂಟಿಸಿ ಚಿತ್ರ ತುಂಬಿಸಿದ್ದೂ ಉಂಟು. ಹಿಂಬದಿಯ ಚಿತ್ರ ಕೇಳಿ ಅಂದೆನಲ್ಲ, ಇದಕ್ಕೂ ಅದೇ ಮದ್ದು.

ಪೆನ್ನಿನ ಗೀಟು ತೊಳೆದ ಸ್ಟಾಂಪುಗಳು ಇದಕ್ಕಿಂತ ಅಪಾಯ. ಹೆಚ್ಚು ಬೆಲೆಯ ಹಳೆಯ ಅಂಚೆಚೀಟಿಗಳಲ್ಲಿ ಇದು ಮಾಮೂಲು. ಅಂಚೆ ಮತ್ತು ರೆವಿನ್ಯೂ ಎರಡಕ್ಕೂ ನಡೆಯುವ ಚೀಟಿಗಳು ಇದ್ದವು. 1906ರಲ್ಲಿ ಏಳನೇ ಎಡ್ವರ್ಡ್ ಚಿತ್ರದ ಅರ್ಧ ಆಣೆ, ಒಂದು ಆಣೆ ಚೀಟಿಗಳಲ್ಲಿ ಹಾಗೆಂದೇ ಅಚ್ಚು ಮಾಡಿದರು. ಪೆನ್ನಿನಿಂದ ರದ್ದಾದ ಚೀಟಿಗೆ ಬೆಲೆ ಕಮ್ಮಿ, ಮೊಹರು ಬಿದ್ದದ್ದಕ್ಕೆ ಜಾಸ್ತಿ, ಬಳಸದ್ದಕ್ಕೆ ಇನ್ನೂ ಜಾಸ್ತಿ. ಹಾಗಾಗಿ ಗೀಟು ತೊಳೆದು, ಮೊಹರು ಹೊಡೆದು ಅಥವಾ ಹೊಸದಾಗಿ ಅಂಟು ಬಳಿದು ಮಾರುತ್ತಾರೆ. ತೊಳೆದ ಚೀಟಿಯ ಬಣ್ಣ ಒಂದು ಕಡೆ ಪೇಲವವಾಗಿರುತ್ತದೆ. ನೋಟು ಪರೀಕ್ಷಿಸುವ ಸಣ್ಣ ಯುವಿ ಟಾರ್ಚಿನ ಬೆಳಕಿನಲ್ಲಿ ಹಳೆಯ ಮಸಿಯ ಹಾದಿ ಎಷ್ಟೋ ಸಲ ನೆರಳಿನಂತೆ ಎದ್ದು ಕಾಣುತ್ತದೆ. ಮಾರುವವರು ಆ ಚಿತ್ರ ಕಳಿಸದಿದ್ದರೆ, ಚೀಟಿ ಕೈಗೆ ಬಂದ ದಿನವೇ ನೀವು ನೋಡಿ, ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ.

ಈ ನಾಲ್ಕರಲ್ಲಿ, ಅಂದರೆ ಬಳಸದ್ದು, ಪೆನ್ನಿನ ಗೀಟಿನದು, ಪಂಚ್ ಆದದ್ದು, ದಸ್ತಾವೇಜಿನ ಮೇಲೇ ಇರುವುದು, ಯಾವುದು ತೆಗೆದುಕೊಳ್ಳಲಿ ಅಂದರೆ ನಾನು ದಸ್ತಾವೇಜು ಅನ್ನುತ್ತೇನೆ. ತಾರೀಖು, ಊರು, ಮೊತ್ತ, ಸ್ಟಾಂಪಿನ ಬೆಲೆ ಎಲ್ಲ ಒಂದಕ್ಕೊಂದು ಸಾಕ್ಷಿ. ಕೈಬರಹ ಹಳೆಯ ಮೋಡಿ ಲಿಪಿಯಲ್ಲಿದ್ದರೆ ಓದಲು ಇನ್ನೊಬ್ಬರ ಕಾಲು ಹಿಡಿಯಬೇಕು, ಅಷ್ಟೇ. ದಯವಿಟ್ಟು ಆ ಕಾಗದದಿಂದ ಸ್ಟಾಂಪ್ ಬಿಡಿಸಬೇಡಿ. ಬಿಡಿಸಿದ ಕ್ಷಣ ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತು.

ಎಲ್ಲಿ ಕೊಳ್ಳುವುದು

ದೊಡ್ಡ ಹರಾಜು ತಾಣಗಳಲ್ಲಿ ಆಯ್ಕೆ ಜಾಸ್ತಿ, ಕಸವೂ ಜಾಸ್ತಿ. ಒಳ್ಳೆಯದೆಂದರೆ ಸಾಮಾನ್ಯವಾಗಿ ಹಿಂದಿರುಗಿಸುವ ದಾರಿ ಇರುತ್ತದೆ. ಕೊಳ್ಳುವ ಮುಂಚೆ ಆ ನಿಯಮ ಓದಿ, ವಿವರಣೆಯ ಪುಟವನ್ನು ಚಿತ್ರ ತೆಗೆದು ಇಟ್ಟುಕೊಳ್ಳಿ. ಹಳೆಯ ಡೀಲರುಗಳ ತಾಣದಲ್ಲಿ ಬೆಲೆ ಜಾಸ್ತಿ, ನಿದ್ದೆ ಚೆನ್ನಾಗಿ ಬರುತ್ತದೆ. ಓವರ್‌ಪ್ರಿಂಟಿಗೆ ನಾನು ಇವರನ್ನೇ ಆರಿಸುತ್ತೇನೆ. ವಾಟ್ಸಾಪ್ ಗುಂಪಿನಲ್ಲಿ ಅಗ್ಗವಾಗಿ ಸಿಗುತ್ತದೆ, ಆದರೆ ಯುಪಿಐನಲ್ಲಿ ಹೋದ ದುಡ್ಡು ತಿರುಗಿ ಬರುವುದು ಎದುರಿನವರ ಮರ್ಜಿ. ಸಾಮಾನ್ಯ ಚೀಟಿಗೆ ಪರವಾಗಿಲ್ಲ. ಕಿಲೋ ಲೆಕ್ಕದ ಮಿಶ್ರ ರಾಶಿ ನನಗೆ ಇಷ್ಟ. ಮಾರುವವರೇ ನೋಡಿರದ ರಾಶಿಯಲ್ಲಿ ಒಮ್ಮೊಮ್ಮೆ ಒಳ್ಳೆಯ ರೆವಿನ್ಯೂ ಸ್ಟಾಂಪ್ ಸಿಕ್ಕಿದೆ. ದುಬಾರಿ ಓವರ್‌ಪ್ರಿಂಟ್ ಇದೆ ಅಂತ ಹೇಳಿಯೇ ಮಾರುವ ರಾಶಿಯಲ್ಲಿ ಯಾವತ್ತೂ ಸಿಕ್ಕಿಲ್ಲ.

ವಿವರಣೆಯ ಭಾಷೆಯೂ ಸುಳಿವು ಕೊಡುತ್ತದೆ. 'ತಾತನ ಸಂಗ್ರಹದಿಂದ', 'ನನಗೆ ಚೀಟಿ ಬಗ್ಗೆ ಗೊತ್ತಿಲ್ಲ, ಚಿತ್ರ ನೋಡಿ ನೀವೇ ನಿರ್ಧರಿಸಿ', 'ಇದ್ದ ಹಾಗೆ ಮಾರಾಟ'. ಈ ಮೂರೂ ಒಟ್ಟಿಗೆ ಇದ್ದು, ಅದೇ ತಾತ ಪ್ರತಿ ತಿಂಗಳೂ ಅದೇ ಅಪರೂಪದ ಓವರ್‌ಪ್ರಿಂಟ್ ಬಿಟ್ಟುಹೋಗುತ್ತಿದ್ದರೆ ಗೊತ್ತಾಯಿತಲ್ಲ. ಮಾರುವವರು ಈ ಹಿಂದೆ ಮಾರಿದ ಪಟ್ಟಿ ತೆರೆದು ನೋಡಲು ಐದು ನಿಮಿಷ ಸಾಕು.

ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಕಡೆ ಚೀಟಿ ಪರೀಕ್ಷಿಸಿ ಚಿತ್ರಸಹಿತ ಸರ್ಟಿಫಿಕೇಟ್ ಕೊಡುತ್ತಾರೆ. ಶುಲ್ಕ, ಅಂಚೆ, ವಿಮೆ ಎಲ್ಲ ಸೇರಿ ಚೀಟಿಯ ಬೆಲೆಗಿಂತ ಜಾಸ್ತಿಯಾದರೆ ಅರ್ಥವಿಲ್ಲ. ಅಂಥ ಚೀಟಿಗೆ ಕರ್ನಾಪೆಕ್ಸಿನಂಥ ಅಂಚೆಚೀಟಿ ಪ್ರದರ್ಶನಕ್ಕೆ ಹೋದಾಗ ಇಬ್ಬರು ಮೂವರು ಡೀಲರುಗಳ ಮುಂದೆ ಇಟ್ಟು ಕೇಳಿ. ಪುಕ್ಕಟೆ ಅಭಿಪ್ರಾಯ ಸಿಗುತ್ತದೆ, ಜೊತೆಗೆ ಸ್ವಲ್ಪ ಬೈಗುಳ. ಸರ್ಟಿಫಿಕೇಟ್ ಜೊತೆಗೇ ಮಾರುವ ಚೀಟಿಯಾದರೆ ಅದರಲ್ಲಿರುವ ಫೋಟೋವನ್ನು ಮಾರಾಟದ ಚಿತ್ರದ ಪಕ್ಕ ಇಟ್ಟು ನೋಡಿ. ಹಲ್ಲುಗಳನ್ನು ಒಂದೊಂದಾಗಿ ಎಣಿಸಿ. ಯಾವ ಹಲ್ಲು ಗಿಡ್ಡ, ಮೊಹರಿನ ಗೀಟು ಯಾವ ಹಲ್ಲಿನ ಹತ್ತಿರ ಮುಗಿಯುತ್ತದೆ, ಓವರ್‌ಪ್ರಿಂಟ್ ಎಷ್ಟು ಓರೆ ಇದೆ. ಅಸಲಿ ಚೀಟಿಯ ಸರ್ಟಿಫಿಕೇಟನ್ನು ಬೇರೊಂದು ಚೀಟಿಯ ಜೊತೆ ಇಟ್ಟು ಕಳಿಸಿದ್ದನ್ನು ನಾನೇ ಒಮ್ಮೆ ಹಿಡಿದಿದ್ದೇನೆ, ಎಡಗಡೆಯ ಮೂರನೇ ಹಲ್ಲಿನಿಂದ.